ಬಿಸಿ ತಾಗುವ ಜಾಗ

ಮಗಳ ಎಡಗಡೆಯ ಜಡೆ ಹೆಣೆದು ರಬ್ಬರ್ ಹಾಕಿ, ಬಲಗಡೆಯ ಕೂದಲಿಗೆ ಬಾಚಣಿಗೆ ಇಟ್ಟಿದ್ದಳಷ್ಟೇ, ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಹೊಡೆದುಕೊಂಡಿತು. ಪಕ್ಕದ ಒಲೆಯಲ್ಲಿ ಹಾಲಿತ್ತು. ಬೇರೆ ದಿನವಾಗಿದ್ದರೆ ಒಂದು ಕೈಯಲ್ಲಿ ಒಲೆ ಆರಿಸಿ ಇನ್ನೊಂದರಲ್ಲಿ ಫೋನು ಎತ್ತುತ್ತಿದ್ದಳು. ಇವತ್ತು ಹಾಲು ಉಕ್ಕಿ ಪಾತ್ರೆಯ ಹೊರಗೆ ಇಳಿಯುವುದನ್ನು ನೋಡುತ್ತಲೇ, "ಹಲೋ" ಅಂದಳು.

"ತಾಯೀ, ಕೈ ಬಿಡಬೇಡ," ಅಂದರು ನಾಟಕಶಾಲೆಯ ಮ್ಯಾನೇಜರು. "ಸಂಜೆ ಮೇಷ್ಟ್ರ ನೆನಪಿನ ಸಭೆ ಇದೆಯಲ್ಲ, ಲೈಟಿಗೆ ಹೇಳಿದ್ದ ಮಹಾನುಭಾವ ಜ್ವರ ಅಂತ ಮಲಗಿದ್ದಾನೆ. ಮಾತಾಡಲ್ಲ, ವೇದಿಕೆಗೆ ಬರಲ್ಲ ಅಂತ ನೀನಂದೆ, ನಾನು ಒಪ್ಕೊಂಡೆ. ಆದ್ರೆ ಇದೊಂದು ನೀನೇ ಮಾಡ್ಬೇಕು. ಕಂಡಕಂಡವರು ಲೈಟು ಹಾಕಿದ್ರೆ ಮೇಷ್ಟ್ರು ಎದ್ದು ಬಂದು ನನ್ನ ಚರ್ಮ ಸುಲೀತಾರೆ."

"ಬರ್ತೀನಿ ಅಣ್ಣ."

ಒಲೆ ಒರೆಸಿದಳು. ಉಳಿದ ಹಾಲನ್ನು ಮಗಳಿಗೆ ಕೊಟ್ಟಳು. ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಶಾಲೆಗೆ ರಜೆ. ಮಗಳನ್ನು ಜೊತೆಗೇ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಮಗಳು ಎರಡು ಸಲ "ಅಮ್ಮಾ" ಅಂದಳು. "ಏನು ಮರಿ?" ಅಂದಾಗ, ಬಾಯಿಗೆ ಬಂದದ್ದನ್ನು ನುಂಗಿಕೊಂಡು "ಏನಿಲ್ಲ" ಅಂದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಹಾರುವ ಕೂದಲು. ಇಬ್ಬರಿಗೂ ಅದರ ನೆನಪಿರಲಿಲ್ಲ.

ಅವಳು ಸಭೆಯಲ್ಲಿ ಮಾತನಾಡುವುದಿಲ್ಲ ಎಂದದ್ದಕ್ಕೆ ಕಾರಣವಿತ್ತು, ಅದನ್ನು ಗಂಡನಿಗೂ ಹೇಳಿರಲಿಲ್ಲ. ಮೇಷ್ಟ್ರು ಹೋದಂದಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಯಾರೋ ಎದೆಯೊಳಗಿನ ಮೇನ್ ಸ್ವಿಚ್ಚನ್ನೇ ಇಳಿಸಿಟ್ಟ ಹಾಗೆ. ಮೇಷ್ಟ್ರನ್ನು ಒಂದೆರಡು ಸಲ ಕಂಡವರೂ ಬಂದು ಗೊಳೋ ಎಂದು ಅತ್ತು ಹೋದರು. ಅವರಿಂದ ಲೈಟಿನ ಕಸುಬು ಕಲಿತವಳು, ಅವರ ಮನೆಯ ಅನ್ನ ತಿಂದವಳು, ತನ್ನ ಮಗುವನ್ನು ಅವರ ತೊಡೆಯ ಮೇಲೆ ಬೆಳೆಸಿದವಳು, ಅಲ್ಲಿ ಕಲ್ಲಿನ ಹಾಗೆ ಕೂತು ಬಂದವರಿಗೆ ನೀರು ಕೊಟ್ಟಳು. ಹಾಗಾದರೆ ಅಷ್ಟು ವರ್ಷದ ಪ್ರೀತಿ ಬರೀ ಬಾಯಿಮಾತೇ? ಈ ಯೋಚನೆ ಪಾತ್ರೆ ತೊಳೆಯುವಾಗ ಬರುತ್ತಿತ್ತು, ಬಟ್ಟೆ ಮಡಚುವಾಗ ಬರುತ್ತಿತ್ತು. ಅದು ಬಂದಾಗಲೂ ಏನೂ ಅನ್ನಿಸುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಕೆ.

ಆಸ್ಪತ್ರೆಯಲ್ಲಿ ಮೇಷ್ಟ್ರು ದೂರುತ್ತಿದ್ದದ್ದು ನೋವನ್ನಲ್ಲ, ತಲೆಯ ಮೇಲಿನ ಟ್ಯೂಬ್‌ಲೈಟನ್ನು. "ಈ ಬೆಳಕಲ್ಲಿ ಪೈಲ್ವಾನನೂ ಹೆಣದ ಹಾಗೆ ಕಾಣ್ತಾನೆ ಕಣೇ. ಡಾಕ್ಟರು ನನ್ನ ಮುಖ ನೋಡಿ ಆಸೆ ಬಿಟ್ಟರೆ ಅದು ನನ್ನ ತಪ್ಪಲ್ಲ." ಅವಳು ಮನೆಯಿಂದ ಮಗಳ ಮೇಜಿನ ದೀಪ ತಂದು ಗೋಡೆಗೆ ತಿರುಗಿಸಿ ಇಟ್ಟಳು. ಗೋಡೆಗೆ ಬಿದ್ದು ತಿರುಗಿ ಬಂದ ಆ ಹಳದಿ ಬೆಳಕಿನಲ್ಲಿ ಮೇಷ್ಟ್ರು ಒಂದಿಷ್ಟು ಚೇತರಿಸಿಕೊಂಡಂತೆಯೇ ಕಂಡರು. ಮಾರನೆಯ ದಿನ ಹೋದಾಗ ಹಾಸಿಗೆ ಖಾಲಿ. ಗೋಡೆಗೆ ಮುಖ ಮಾಡಿಕೊಂಡು ದೀಪ ಮಾತ್ರ ಉರಿಯುತ್ತಿತ್ತು. ಅವಳು ಅದನ್ನು ಆರಿಸಿ, ಬಿಸಿಯಾರುವವರೆಗೆ ಕಾದು, ವೈರನ್ನು ಮೇಷ್ಟ್ರು ಕಲಿಸಿದ ಹಾಗೆ, ಮೊಳಕೈಗೆ ಸುತ್ತದೆ, ಕೈಯಲ್ಲೇ ಸಡಿಲವಾಗಿ ಸುರುಳಿ ಮಾಡಿ ಮನೆಗೆ ತಂದಳು. ಅಂದು ಸಂಜೆ ಮಗಳು ಅದೇ ದೀಪದಡಿ ಲೆಕ್ಕ ಮಾಡಿದಳು.

ನಾಟಕಶಾಲೆಯಲ್ಲಿ ವೇದಿಕೆಯ ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಮೇಷ್ಟ್ರ ಫೋಟೋ.

"ಇದಕ್ಕೊಂದು ದುಂಡನೆ ಬೆಳಕು ಹಾಕಿಬಿಡು," ಅಂದರು ಮ್ಯಾನೇಜರು. "ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ನಿಂತು ಮಾತಾಡ್ತಾರೆ. ನೋಡಿದವರ ಕರುಳು ಚುರ್ ಅನ್ಬೇಕು."

"ಆಗಲಿ."

ಮ್ಯಾನೇಜರು ಏಣಿ ಹಿಡಿದುಕೊಂಡರು. ಅವಳು ಹತ್ತಿ, ಸಭಾಂಗಣದ ಮೇಲಿನ ಕಂಬಿಯಲ್ಲಿದ್ದ ದೀಪದ ತಿರುಪು ಸಡಿಲಿಸಿ, ತಿರುಗಿಸಿ, ಬಗ್ಗಿಸಿ, ಬಿಗಿ ಮಾಡಿ ಇಳಿದಳು. ಕುರ್ಚಿಯ ಸುತ್ತ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು, ನೆಲದ ಮೇಲೆ ಅಚ್ಚುಕಟ್ಟಾದ ದುಂಡು ಬೆಳಕು, ತಟ್ಟೆ ಇಟ್ಟ ಹಾಗೆ.

"ಆಹಾ! ಕೈ ಅಂದ್ರೆ ಕೈ," ಅಂದರು ಮ್ಯಾನೇಜರು.

"ನಾನು ನಿಂತ್ಕೊಳ್ಲಾ?" ಮಗಳು ಕೇಳಿದಳು.

ಅದು ಮಗಳ ಕೆಲಸವಾಗಿತ್ತು. ಮೇಷ್ಟ್ರು ಯಾರನ್ನೂ ನಿಲ್ಲಿಸದೆ ಒಂದು ದೀಪವನ್ನೂ ಹೊಂದಿಸಿದವರಲ್ಲ. ನಟರು ಬರುವ ಮೊದಲೇ ಅವರ ಜಾಗದಲ್ಲಿ ಈ ಹುಡುಗಿ ನಿಲ್ಲಬೇಕು. ಎತ್ತರ ಸಾಲದೆಂದು ಒಂದು ಮರದ ಪೆಟ್ಟಿಗೆ ಇತ್ತು. ಅಲುಗಾಡದೆ ನಿಲ್ಲುತ್ತಾಳೆಂದು ಅವಳಿಗೆ "ಕಂಬ" ಎಂದು ಹೆಸರಿಟ್ಟಿದ್ದರು. "ಕಂಬಮ್ಮನವರೇ, ಕಣ್ಣು ಮುಚ್ಚಿ. ಬಿಸಿ ಎಲ್ಲಿ ತಾಗ್ತಾ ಇದೆ? ಕಣ್ಣು ಸುಳ್ಳು ಹೇಳುತ್ತೆ, ಚರ್ಮ ಹೇಳಲ್ಲ." ಮೂಗಿಗೆ ಎಂದರೆ ಸರಿ. ಕಿವಿಗೆ ಎಂದರೆ ಅವರು ಅಮ್ಮನನ್ನು ಮತ್ತೆ ಏಣಿ ಹತ್ತಿಸುತ್ತಿದ್ದರು.

ಮಗಳು ಮೂಲೆಯಿಂದ ಪೆಟ್ಟಿಗೆ ಎಳೆದು ತಂದು, ಕುರ್ಚಿಯ ಪಕ್ಕ ಇಟ್ಟು, ಹತ್ತಿ ಕಣ್ಣು ಮುಚ್ಚಿದಳು.

"ಅಮ್ಮಾ, ಬಿಸಿ ಹೊಟ್ಟೆಗೆ ತಾಗ್ತಿದೆ."

"ಏನು?"

"ಹೊಟ್ಟೆಗೆ. ಸಂಜೆ ಎಲ್ಲರ ಹೊಟ್ಟೆ ಭಾಷಣ ಮಾಡುತ್ತಾ?"

ಮ್ಯಾನೇಜರು ನಕ್ಕುಬಿಟ್ಟರು. ಅವಳು ತಲೆಯೆತ್ತಿ ನೋಡಿದಳು. ಹೌದು. ಫ್ರಾಕಿನ ಹೂವುಗಳು ಝಗಝಗ ಅನ್ನುತ್ತಿದ್ದವು, ಮಗಳ ಮುಖ ಮಸಿ ಬಳಿದ ಹಾಗಿತ್ತು. ಅವಳು ನೆಲಕ್ಕೆ ಬೆಳಕು ಹಾಕಿದ್ದಳು. ನೆಲದ ಮೇಲೆ ದುಂಡಗೆ ಕಂಡರೆ ಕೆಲಸವಾಯಿತೆಂದುಕೊಳ್ಳುವುದು ಮೊದಲ ದಿನ ಬಂದವರು ಮಾಡುವ ತಪ್ಪು. ಮೊದಲ ದಿನ ಅವಳೂ ಮಾಡಿದ್ದಳು. ಕತ್ತಲೊಳಗಿಂದ ಮೇಷ್ಟ್ರ ದನಿ ಬಂದಿತ್ತು: "ಸೊಗಸಾಗಿದೆಯಮ್ಮ. ನಾಟಕ ನೋಡೋಕೆ ಇರುವೆಗಳು ಬರೋದಿದ್ರೆ ಹೀಗೇ ಇರಲಿ."

ಆಮೇಲೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಇವತ್ತು, ಅವರ ಸಭೆಗೆ, ಮಾಡಿದಳು. ನಾಚಿಕೆಯಾಗಬೇಕಿತ್ತು. ನಾಚಿಕೆಗಾಗಿ ಒಳಗೆ ಕೈಯಾಡಿಸಿದಳು. ಅದೂ ಸಿಗಲಿಲ್ಲ.

"ಅಣ್ಣ, ಏಣಿ," ಅಂದಳು.

ಮತ್ತೆ ಹತ್ತಿದಳು. ದೀಪದ ಮೂತಿಯನ್ನು ಚೂರು ಮೇಲೆತ್ತಿದಳು.

"ಈಗ?"

"ಎದೆ."

"ಈಗ?"

"ಗಲ್ಲ... ತುಟಿ... ಹಾಂ, ಮೂಗು. ಮೂಗು, ಅಮ್ಮ!"

ತಿರುಪು ಬಿಗಿ ಮಾಡಿದಳು. ಇಳಿದು ಬಂದು ನೋಡಿದರೆ ನೆಲದ ದುಂಡು ಹಿಂದಕ್ಕೆ ಸರಿದು, ಸೊಟ್ಟಗೆ ಹರಡಿ, ಹಿಂದಿನ ಪರದೆಯ ಬುಡ ಮುಟ್ಟಿತ್ತು. ಮಗಳ ಮುಖ ಮಾತ್ರ ಒಂದು ರೆಪ್ಪೆಯೂ ಬಿಡದೆ ಕಾಣುತ್ತಿತ್ತು. ಒಂದು ಜಡೆ, ಒಂದು ಕೆದರಿದ ಕಡೆ. ಆಗ ಅವಳಿಗೆ ಬೆಳಗಿನ ಬಾಚಣಿಗೆ ನೆನಪಾಯಿತು.

"ಅಯ್ಯೋ ಮರಿ, ನಿನ್ನ ಇನ್ನೊಂದು ಜಡೆ! ಹೇಳ್ಬಾರ್ದಾ?"

"ನೀನು ಕೇಳಿಸ್ಕೊಳ್ಳಲ್ಲ ಅನ್ಕೊಂಡೆ," ಅಂದಳು ಮಗಳು. ದೂರಿನ ದನಿಯಲ್ಲಲ್ಲ, ಸುಮ್ಮನೆ.

ಅವಳು ವೇದಿಕೆ ಹತ್ತಿ, ಕುರ್ಚಿಯನ್ನು ಫೋಟೋ ಸಮೇತ ಎತ್ತಿ, ಬೆಳಕಿನಿಂದಾಚೆಗೆ ಇಟ್ಟಳು.

"ಇದೇನಮ್ಮ ಇದು! ಫೋಟೋ ಕತ್ತಲಿಗೆ ಹೋಯ್ತಲ್ಲ!"

"ಕುರ್ಚಿಗೇನು ಚಳಿನಾ ಅಂತ ಮೇಷ್ಟ್ರು ಬೈತಿದ್ರು ಅಣ್ಣ, ಖಾಲಿ ಕುರ್ಚಿಗೆ ಲೈಟು ಹಾಕಿದ್ರೆ. ಅವರು ಯಾವತ್ತೂ ಕತ್ತಲಲ್ಲೇ ತಾನೇ ಕೂತಿದ್ದು?"

ಮ್ಯಾನೇಜರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. "ಚಹಾ ತರಿಸ್ತೀನಿ," ಎಂದು ಹೊರಗೆ ಹೋದರು. ನೋಡು, ಇವರಿಗೂ ಅಳು ಬಂತು, ಅಂದುಕೊಂಡಳು ಅವಳು. ದೀಪ ಆರಿಸಲು ಹೊರಟಳು.

"ಉಪ್ಪು ನೋಡಲ್ವಾ?" ಮಗಳು ಪೆಟ್ಟಿಗೆಯಿಂದ ಹಾರಿದಳು.

ಅದೂ ಮೇಷ್ಟ್ರದೇ ಮಾತು. ಅಡುಗೆ ಮಾಡಿದವರು ಉಪ್ಪು ನೋಡಬೇಕು, ಲೈಟು ಹಾಕಿದವರು ಒಮ್ಮೆ ತಾವೇ ಹೋಗಿ ನಿಲ್ಲಬೇಕು. ಅದಿಲ್ಲದೆ ಬಾಗಿಲು ಹಾಕಲು ಬಿಡುತ್ತಿರಲಿಲ್ಲ.

"ಸರಿಯಾಗಿದೆ ಬಿಡು ಮರಿ."

"ನಿಂತ್ಕೋ ಅಮ್ಮ. ನಾನು ಅಲ್ಲಿಂದ ನೋಡ್ತೀನಿ."

ಮಗಳು ಮೆಟ್ಟಿಲಿಳಿದು ಓಡಿದಳು. ಕುರ್ಚಿಯ ಸ್ಪ್ರಿಂಗು ಕಿರ್ ಎಂದ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು, ಮಗಳು ಕೂತದ್ದು ಹಿಂದಿನ ಸಾಲುಗಳಲ್ಲಿ ಮೇಷ್ಟ್ರು ಕೂರುತ್ತಿದ್ದ ಆ ಮುರುಕು ಕುರ್ಚಿಯಲ್ಲೇ. ರಿಪೇರಿ ಮಾಡಿಸಲು ಅವರು ಬಿಟ್ಟಿರಲಿಲ್ಲ, ಸುಖವಾಗಿದ್ದರೆ ನಿದ್ದೆ ಬರುತ್ತದೆಂದು.

ಪೆಟ್ಟಿಗೆ ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ನಿಂತಳು. ಕಣ್ಣು ಮುಚ್ಚಿದಳು. ಮೊದಲು ಹಣೆಗೆ, ಆಮೇಲೆ ಮೂಗಿಗೆ, ಕೆನ್ನೆಗಳಿಗೆ ಬಿಸಿ ಬಂದು ಕೂತಿತು. ಯಾರೋ ಅಂಗೈಯನ್ನು ಮುಖದ ಹತ್ತಿರ ತಂದು, ಮುಟ್ಟದೆ ಹಿಡಿದ ಹಾಗೆ. ಚರ್ಮಕ್ಕೆ ಅದು ತಿಳಿಯುತ್ತಿತ್ತು. ಚರ್ಮದಿಂದೊಳಗೆ ಇನ್ನೂ ಏನೂ ಇರಲಿಲ್ಲ. ಆದರೂ ಅವಳು ಅಲ್ಲಿಂದ ಕದಲಲಿಲ್ಲ.

"ಮುಖ ಕಾಣ್ತಿದೆಯಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಕಾಣ್ತಿದೆ. ಎಲ್ಲಾ ಕಾಣ್ತಿದೆ."

ಸ್ಪ್ರಿಂಗು ಮತ್ತೊಮ್ಮೆ ಕಿರ್ ಎಂದಿತು. ಬಸ್ಸಿನಲ್ಲಿ ನುಂಗಿಕೊಂಡದ್ದು ಈಗ ಬರುತ್ತದೆ ಎಂದು ಅವಳಿಗೆ ಹೇಗೋ ತಿಳಿಯಿತು.

"ಅಮ್ಮಾ," ಅಂದಿತು ಕತ್ತಲಿನಿಂದ ಮಗಳ ದನಿ, "ಮೇಷ್ಟ್ರಜ್ಜ ಹೋದಾಗಿಂದ ನೀನು ಅತ್ತಿಲ್ಲ. ನನಗೂ ಅಳು ಬರ್ತಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಟ್ರೈ ಮಾಡಿದೆ, ಆದ್ರೂ ಬರ್ಲಿಲ್ಲ. ಹಾಗಿದ್ರೆ ನಮ್ಮಿಬ್ಬರಿಗೂ ಅಜ್ಜನ್ನ ಕಂಡ್ರೆ ಇಷ್ಟ ಇರ್ಲಿಲ್ವಾ?"