ಪುದಿಯಾಪ್ಲೆಯ ಮೊಕ್ಕಾಂ

ಸರ್ಕಾರದವರು ರಾಜ್ಯಗಳನ್ನು ಪಾಲು ಮಾಡುವಾಗ ಅಜ್ಜಾವರದ ಹೈದರ್ ಬ್ಯಾರಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲೋ ದೂರದಲ್ಲಿ ಕೂತು ಗೆರೆ ಎಳೆದರು. ಎಳೆದ ಗೆರೆ ಬಂದು ಬಿದ್ದದ್ದು ಅವನ ಅಂಗಡಿಗೂ ಅವನ ಹೆಂಡತಿಯ ಮನೆಗೂ ನಡುವೆ ಹರಿಯುವ ತೋಡಿನ ಮೇಲೆ. ಈಚೆ ದಡ ಮೈಸೂರು ರಾಜ್ಯ, ಆಚೆ ದಡ ಕೇರಳ. ತೋಡಿಗೆ ಅಡ್ಡ ಹಾಕಿದ್ದ ಮರದ ಸಂಕ ಮಾತ್ರ ಯಾವ ರಾಜ್ಯದ್ದೆಂದು ಯಾರೂ ಹೇಳಲಿಲ್ಲ, ಹಾಗಾಗಿ ಅದನ್ನು ಯಾರೂ ರಿಪೇರಿಯೂ ಮಾಡಲಿಲ್ಲ.

ಮೊದಮೊದಲು ಇದರಿಂದ ಹೈದರನಿಗೆ ಕೂದಲಷ್ಟೂ ತೊಂದರೆಯಾಗಲಿಲ್ಲ. ಗೆರೆ ಸರಿ ಎಂದು ಭಾಷಣ ಮಾಡಿದವರಿಗೂ ತಪ್ಪೆಂದು ಭಾಷಣ ಮಾಡಿದವರಿಗೂ ಒಂದೇ ಕ್ರಯಕ್ಕೆ ಬೀಡಿ ಮಾರಿದ. ಹಗಲಿಡೀ ಈಚೆ ದಡದ ಜೀನಸಿನ ಅಂಗಡಿಯಲ್ಲಿ ಕೂತು ಬೆಲ್ಲ, ಉಪ್ಪು, ಒಣಮೀನು ತೂಗುವುದು. ರಾತ್ರಿಯ ನಮಾಜು ಮುಗಿದ ಮೇಲೆ ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು ಸಂಕ ದಾಟಿ ಹೆಂಡತಿ ನೆಬೀಸಳ ಮನೆಗೆ ಹೋಗುವುದು. ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಪೈಕಿ ಕ್ರಮವೇ ಹಾಗೆ. ಮದುವೆಯಾದರೂ ಹೆಣ್ಣು ತಾಯಿಮನೆ ಬಿಡುವುದಿಲ್ಲ. ಗಂಡನೇ ರಾತ್ರಿ ಅಲ್ಲಿಗೆ ಬರಬೇಕು, ಬೆಳಕು ಹರಿಯುವ ಮೊದಲು ಚಾ ಕುಡಿದು ಹೊರಡಬೇಕು. ಹಾಗೆ ಬಂದವನಿಗೆ ಪುದಿಯಾಪ್ಲೆ, ಅಂದರೆ ಹೊಸ ಮದುಮಗ, ಎಂದು ಹೆಸರು. ತಲೆ ಹಣ್ಣಾದರೂ ಅವನು ಹೊಸ ಮದುಮಗನೇ.

ಪುದಿಯಾಪ್ಲೆಗೆ ಸಲ್ಲುವ ಮರ್ಯಾದೆಯನ್ನು ಅತ್ತೆ ಐಸಮ್ಮ ಒಂದು ದಿನವೂ ತಪ್ಪಿಸಿದವಳಲ್ಲ. ಮೀನಿನ ನಡುತುಂಡು ಅವನಿಗೆ. ತುಪ್ಪದ ಅನ್ನ ಅವನಿಗೆ. ಪಕ್ಕದಲ್ಲಿ ಕಾಳುಮೆಣಸು ಹಾಕಿ ಹುರಿದ ಎರಡು ಮೊಟ್ಟೆ. ಅವನು ಜಗಲಿಯಲ್ಲಿ ಕೆಮ್ಮಿದರೆ ಅಡುಗೆಮನೆಯಲ್ಲಿ ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು. ಇದಕ್ಕೆಲ್ಲ ಪ್ರತಿಯಾಗಿ ಪುದಿಯಾಪ್ಲೆ ಮಾಡಬೇಕಾದದ್ದು ಒಂದೇ, ಗತ್ತು ಬಿಡದೆ ಇರುವುದು. ಕಷ್ಟದ ಮಾತು, ಹಣದ ಮಾತು ಹೆಂಡತಿಯ ಮನೆಯಲ್ಲಿ ಎತ್ತಬಾರದು. ಎತ್ತಿದವನಿಗೆ ಮರುದಿನ ಒಂದೇ ಮೊಟ್ಟೆ ಎಂದು ಗಾದೆಯೇನೂ ಇಲ್ಲ. ಇದ್ದಿದ್ದರೆ ಹೈದರ್ ಖಂಡಿತ ನಂಬುತ್ತಿದ್ದ.

ಎಡವಟ್ಟಾದದ್ದು ಮಗ ಶುಕೂರ್ ಪುತ್ತೂರಿನಲ್ಲಿ ಕಾಲೇಜಿಗೆ ಸೇರಿದಾಗ. ಎರಡೂ ದಡದ ನೆಂಟರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗ ಅವನು. ಅಂಗಡಿಗೆ ಅವನು ಹೇಗೂ ಆಗುವವನಲ್ಲ. ಬೆಲ್ಲ ಕಟ್ಟಲು ಕೊಟ್ಟ ಪೇಪರನ್ನು ಓದುತ್ತ ನಿಂತು ಬೆಲ್ಲಕ್ಕೆ ಇರುವೆ ಹತ್ತಿಸುವ ಜಾತಿ. ಫೀಸು ಕಟ್ಟುವ ದಿನ ಗುಮಾಸ್ತರು ಮನೆ ಎಲ್ಲಿ ಎಂದು ಕೇಳಿದರು. ಹುಡುಗ ಸತ್ಯಸಂಧ. ಹುಟ್ಟಿ ಬೆಳೆದ ತಾಯಿಮನೆಯ ವಿಳಾಸ ಹೇಳಿದ.

"ಅದು ಕೇರಳ ಆಯ್ತಲ್ಲ. ಹೊರರಾಜ್ಯದವರಿಗೆ ಫೀಸು ದುಪ್ಪಟ್ಟು" ಎಂದರು ಗುಮಾಸ್ತರು.

ಜೊತೆಗೆ ಬಂದಿದ್ದ ಹೈದರ್ ಮುಂದೆ ನುಗ್ಗಿದ. "ಹೊರರಾಜ್ಯವಾ? ಇವ ಅಲ್ಲಿಂದ ಒಂದು ಬೊಬ್ಬೆ ಹೊಡೆದ್ರೆ ನನ್ನ ಅಂಗಡಿಗೆ ಕೇಳ್ತದೆ ಮಾರಾಯ್ರೆ!"

"ಬೊಬ್ಬೆ ರೂಲಿಗೆ ಕೇಳುದಿಲ್ಲ ಬ್ಯಾರಿಗಳೇ. ನಮಗೆ ಬೇಕಾದ್ದು ತಂದೆಯ ವಾಸ. ನೀವು ಮೈಸೂರು ರಾಜ್ಯದಲ್ಲಿ ವಾಸ ಇದ್ದೀರಿ ಅಂತ ತಹಶೀಲ್ದಾರರ ಸರ್ಟಿಫಿಕೇಟು ತನ್ನಿ. ದಸರಾ ರಜೆಯ ಒಳಗೆ ತಂದ್ರೆ ಹೆಚ್ಚು ಕಟ್ಟಿದ್ದು ವಾಪಸು. ಆಮೇಲೆ ತಂದ್ರೆ ಇಲ್ಲ."

ಇಡೀ ವರ್ಷಕ್ಕೆಂದು ಹೈದರ್ ಕೂಡಿಟ್ಟದ್ದು ಮೊದಲ ಕಂತಿಗೇ ಮುಗಿಯಿತು. ಹೆಚ್ಚು ಕಟ್ಟಿದ್ದು ವಾಪಸು ಬಂದರೆ ಎರಡನೆಯ ಕಂತು, ಬಾರದಿದ್ದರೆ ದಸರೆ ಕಳೆದು ಶುಕೂರ್ ವಾಪಸು ಬೆಲ್ಲದ ಹತ್ತಿರ. ಹುಡುಗನಿಗೂ ಅದು ಗೊತ್ತಿತ್ತು. ಪುತ್ತೂರಿನ ಬಸ್ಸು ನಿಲ್ದಾಣದಲ್ಲಿ ಅಪ್ಪನನ್ನು ಬಸ್ಸಿಗೆ ಹತ್ತಿಸುವಾಗ ಒಂದೇ ಮಾತು ಕೇಳಿದ: "ಬಾಪಾ, ಸರ್ಟಿಫಿಕೇಟು ಸಿಗ್ತದಲ್ಲಾ?"

"ಸಿಗದೆ ಎಂತ? ನಾನು ಅಜ್ಜಾವರದವ ಅಲ್ಲದೆ ಮಕ್ಕಾದವನಾ?" ಎಂದ ಹೈದರ್.

ತಹಶೀಲ್ದಾರರು ಸಹಿ ಹಾಕಬೇಕಾದರೆ ಊರಿನ ಶಾನುಭೋಗರು ಬರೆದುಕೊಡಬೇಕು. ಶಾನುಭೋಗ ಮಹಾಗಣಪತಿ ಭಟ್ಟರಿಗೆ ಹೈದರನ ಮೇಲೆ ಪ್ರೀತಿ ಇಲ್ಲದಿರಲಿಲ್ಲ. ಅವರ ಹೊಗೆಸೊಪ್ಪು ಅವನ ಅಂಗಡಿಯದ್ದೇ. ಆದರೆ ಬರವಣಿಗೆಯ ಮಟ್ಟಿಗೆ ಅವರು ಕಲ್ಲು. ಸ್ವಂತ ತಮ್ಮನ ಗದ್ದೆಗೆ ಸರ್ಕಾರಿ ತೀರ್ವೆ ಹೆಚ್ಚು ಬರೆದು ಅವನ ಮಗಳ ಮದುವೆಯ ಊಟ ಕಳೆದುಕೊಂಡವರು.

"ಬ್ಯಾರಿಗಳೇ, ನೀವು ಅಜ್ಜಾವರದವರು, ಒಪ್ಪಿದೆ. ಆದ್ರೆ ವಾಸ ಅಂದ್ರೆ ಎಂತ? ರಾತ್ರಿ ತಲೆ ಇಡುವ ಜಾಗ. ನೀವು ತಲೆ ಇಡುದು ಎಲ್ಲಿ?"

ಹೈದರನ ಸೂಟೆ ಸಂಕ ದಾಟುವುದನ್ನು ನೋಡಿಯೇ ಆ ಊರಿನಲ್ಲಿ ಅರ್ಧ ಜನ ದೀಪ ಆರಿಸಿ ಮಲಗುವುದು. ಸುಳ್ಳು ಹೇಳಿ ಸುಖವಿರಲಿಲ್ಲ.

"ಒಂದು ಕೆಲಸ ಮಾಡಿ" ಎಂದರು ಭಟ್ಟರು, ಕರಗಿ. "ದಸರೆಗೆ ಇನ್ನೂ ಸಮಯ ಉಂಟು. ಇವತ್ತಿನಿಂದ ಈಚೆಯೇ ಮಲಗಿ. ನಾನು ಒಂದು ಬೆಳಗ್ಗೆ ಹೇಳದೆ ಕೇಳದೆ ಬರ್ತೇನೆ. ಕಣ್ಣಾರೆ ಕಂಡ್ರೆ ಕೈಯಾರೆ ಬರೀತೇನೆ."

ಮಲಗುವುದೇನು ಮಹಾ ಕಷ್ಟ ಎಂದುಕೊಂಡ ಹೈದರ್. ತನ್ನ ತಾಯಿಮನೆ ಅಂಗಡಿಯ ಹಿಂದೆಯೇ ಇತ್ತು. ಆದರೆ ಆ ಮನೆಯಲ್ಲಿ ಈಗ ಇದ್ದದ್ದು ತಂಗಿ ಝುಬೈದಾ. ಅವಳಿಗೂ ಒಬ್ಬ ಪುದಿಯಾಪ್ಲೆ ಇದ್ದ. ಉಸ್ಮಾನ್ ಎಂಬ ಆ ಮಹಾನುಭಾವ ರಾತ್ರಿಯಾದೊಡನೆ ಅತ್ತರು ಹಚ್ಚಿಕೊಂಡು ಬಂದು ಒಳಕೋಣೆಯ ಮಂಚ ಹತ್ತುತ್ತಿದ್ದ. ಹೈದರನಿಗೆ ಸಿಕ್ಕಿದ್ದು ಜಗಲಿ, ಉಪ್ಪಿನ ಗೋಣಿಗಳ ಪಕ್ಕದಲ್ಲಿ ಒಂದು ಹರಕು ಚಾಪೆ. ಊಟಕ್ಕೆ ಗಂಜಿ, ಸುಟ್ಟ ಒಣಮೀನು. ಒಳಗಿನಿಂದ ಮೊಟ್ಟೆ ಹುರಿಯುವ ಪರಿಮಳ ಬಂತು.

"ಒಂದು ಮೊಟ್ಟೆ ಇಲ್ಲಿಗೂ ಬರ್ಲಿ ಝುಬೈದಾ" ಎಂದು ಕೂಗಿದ.

"ನಿನಗೆಂತಕ್ಕೆ ಮೊಟ್ಟೆ? ನೀನು ಮನೆಯವನೇ ಅಲ್ಲವಾ?" ಎಂದಳು ತಂಗಿ.

ಮಾಡಿದ ತಪ್ಪು ಇಷ್ಟೇ, ಆಚೆ ದಡಕ್ಕೆ ಅವನು ವಿಷಯ ತಿಳಿಸಲಿಲ್ಲ. ಹೇಗೆ ತಿಳಿಸುತ್ತಾನೆ? ಫೀಸಿಗೆ ಗತಿಯಿಲ್ಲದೆ ಜಗಲಿಯಲ್ಲಿ ಮಲಗಿದ್ದೇನೆ ಎಂದು ಪುದಿಯಾಪ್ಲೆಯ ಬಾಯಿಂದ ಬರುವ ಮಾತೇ? ಐಸಮ್ಮ ಆಳು ಕಳಿಸಿ ಕೇಳಿದಾಗ, "ಅಂಗಡಿಯಲ್ಲಿ ಸ್ವಲ್ಪ ಕೆಲಸ ಉಂಟು ಅಂತ ಹೇಳು" ಎಂದುಬಿಟ್ಟ. ಲೋಕದಲ್ಲಿ ಇನ್ನೊಂದು ಹೆಣ್ಣು ನೋಡಿಕೊಂಡ ಗಂಡಸರೆಲ್ಲ ಹೇಳುವ ಮಾತು ಅದೇ ಎಂದು ಆ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಆಚೆ ದಡದಲ್ಲಿ ದಿನವೂ ಮೊಟ್ಟೆ ಹುರಿದು, ತಣಿದು, ಬೆಕ್ಕಿನ ಪಾಲಾಯಿತು. ಸೂಟೆ ಕಾಣಲಿಲ್ಲ. ಪುದಿಯಾಪ್ಲೆ ಬರುವುದು ನಿಂತಿತೆಂದರೆ ತಲಾಖಿನ ಅರ್ಧ ದಾರಿ ಬಂದ ಹಾಗೆ. ಜುಮ್ಮಾ ನಮಾಜಿನ ಹೊತ್ತಿಗೆ ಸುದ್ದಿಗೆ ಕೈಕಾಲು ಮೂಡಿತ್ತು. ಹೈದರ್ ಕಾಳುಮೆಣಸು ಕೊಳ್ಳಲು ವಾರಕ್ಕೊಮ್ಮೆ ಕಡಬಕ್ಕೆ ಹೋಗುತ್ತಿದ್ದನಲ್ಲ, ಅಲ್ಲಿಯೇ ಒಬ್ಬಳಿದ್ದಾಳಂತೆ. ಮುಂದಿನ ವಾರ ಅವಳಿಗೆ ಬಳೆಯೂ ಬಂತು, ಅದರ ಮುಂದಿನ ವಾರ ಒಂದು ಗಂಡು ಮಗುವೂ ಆಯಿತು. ನೆಬೀಸ ತೋಡಿಗೆ ಬಟ್ಟೆ ಒಗೆಯಲು ಬಂದು, ಒಗೆದದ್ದನ್ನೇ ಮತ್ತೆ ಒಗೆಯುತ್ತ, ಅಂಗಡಿಯ ಕಡೆ ನೋಡುತ್ತಿದ್ದಳು.

ಕೊನೆಗೆ ಒಂದು ಬೆಳಗ್ಗೆ ಭಟ್ಟರು ಬಂದರು. ಹೈದರ್ ಜಗಲಿಯಲ್ಲಿ ಗೋಣಿಯ ನಾರು ತಲೆಗೆ ಅಂಟಿಸಿಕೊಂಡು ಎದ್ದು ಕೂತಿದ್ದ. ಭಟ್ಟರಿಗೆ ಬಹಳ ಸಂತೋಷವಾಯಿತು. "ಭೇಷ್! ವಾಸ ಅಂದ್ರೆ ಇದು" ಎಂದು ಗೋಣಿಯ ಮೇಲೆ ಕಾಗದ ಹರಡಿ ಪೆನ್ನಿನ ಮುಚ್ಚಳ ತೆಗೆದರು.

ಅದೇ ಹೊತ್ತಿಗೆ ಸಂಕ ಕಿರುಗುಟ್ಟಿತು. ನೆಬೀಸಳ ಅಣ್ಣ ಆದಂ ಕುಂಞಿ ಬರುತ್ತಿದ್ದ. ಅವನ ಹಿಂದೆ ಮಸೀದಿಯ ಇಬ್ಬರು ಹಿರಿಯರು, ಅವರ ಹಿಂದೆ ಕೊಡೆಯ ಮರೆಯಲ್ಲಿ ಐಸಮ್ಮ. ಆದಂ ಕುಂಞಿ ಜಗಲಿಯ ಕೆಳಗೆ ನಿಂತು ನೇರವಾಗಿ ಕೇಳಿದ:

"ಭಾವಾ, ಹಿರಿಯರ ಎದುರು ಒಂದು ಮಾತು ಹೇಳಿ. ನಮ್ಮ ಹುಡುಗಿಯಿಂದ ಎಂತ ತಪ್ಪಾಯ್ತು? ನೀವು ಅವಳನ್ನು ಬಿಟ್ಟದ್ದು ಹೌದಾ, ಅಲ್ಲವಾ?"

ಹೈದರ್ ಭಟ್ಟರ ಪೆನ್ನನ್ನು ನೋಡಿದ. ಅದರ ತುದಿಯಲ್ಲಿ ಶುಕೂರನ ಕಾಲೇಜು ನಿಂತಿತ್ತು. ಕೊಡೆಯ ಅಡಿಯಿಂದ ಇಣುಕುವ ಅತ್ತೆಯ ಕಣ್ಣು ನೋಡಿದ. ಆ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. ನನ್ನ ಮನೆ ಆಚೆ ಎಂದರೆ ಪೆನ್ನು ಮುಚ್ಚುತ್ತದೆ. ಈಚೆ ಎಂದರೆ ನೆಬೀಸಳ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವನಿಗೆ ದುಃಖ ಉಕ್ಕಿ ಬಂತು.

"ಬಿಟ್ಟಿಲ್ಲ!" ಎಂದು ಕಿರುಚಿದ. "ಯಾರನ್ನೂ ಬಿಟ್ಟಿಲ್ಲ ನಾನು! ನನ್ನ ಮನೆ ಆಚೆಯೇ. ಎಂದಿದ್ರೂ ಆಚೆಯೇ!"

ಭಟ್ಟರು ನಿಟ್ಟುಸಿರುಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು.

ಆಮೇಲೆ ಗತ್ತು ಇಟ್ಟುಕೊಂಡು ಮಾಡುವುದಾದರೂ ಏನು? ಕಣ್ಣೊರೆಸಿಕೊಳ್ಳುತ್ತ ಫೀಸು, ದುಪ್ಪಟ್ಟು, ದಸರಾ ರಜೆ, ಉಪ್ಪಿನ ಗೋಣಿ ಎಲ್ಲವನ್ನೂ ಹೇಳಿದ. ಹಿರಿಯರು ಗಡ್ಡ ನೀವಿಕೊಂಡರು. ಐಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ರಬ್ಬೇ! ಫೀಸಿನ ವಿಷಯ ಹೇಳಿದ್ರೆ ನಾನೆಂತ ಮೊಟ್ಟೆ ಕಡಿಮೆ ಮಾಡ್ತಿದ್ದೆನಾ?"

ಆದಂ ಕುಂಞಿ ಕಡಬದ ಮಗುವನ್ನು ನೆನೆದು ತಲೆ ಕೆರೆದುಕೊಂಡ. ಆಮೇಲೆ ಶಾನುಭೋಗರ ಕಡೆ ತಿರುಗಿ, ಹೇಗಾದರೂ ಬರೆದುಕೊಡಿ ಎಂದ. ಕಿವಿಯಿಂದ ಈಗ ತಾನೇ ಕೇಳಿದ್ದನ್ನು ಕೈ ಹೇಗೆ ಸುಳ್ಳು ಮಾಡೀತು ಎಂದರು ಭಟ್ಟರು. ಹಗಲಿನ ವಾಸ ವಾಸವಲ್ಲವೇ ಎಂದರು ಹಿರಿಯರೊಬ್ಬರು. ಹಾಗಾದರೆ ಸುಳ್ಯದ ಕಟ್ಟೆಯಲ್ಲಿ ಹಗಲಿಡೀ ಕೂರುವವರೆಲ್ಲ ಕಟ್ಟೆಯ ನಿವಾಸಿಗಳೇ ಎಂದರು ಭಟ್ಟರು. ಮಾತಿಗೆ ಮಾತು ಬೆಳೆಯಿತು, ಉಸ್ಮಾನ್ ಕೂಡ ಒಳಗಿನಿಂದ ಅತ್ತರಿನ ಸಮೇತ ಬಂದು ತನ್ನದೊಂದು ಅಭಿಪ್ರಾಯ ಸೇರಿಸಿದ. ಈ ಗಲಾಟೆಯಲ್ಲಿ ಸಂಕ ಮತ್ತೆ ಕಿರುಗುಟ್ಟಿದ್ದು ಯಾರಿಗೂ ಕೇಳಲಿಲ್ಲ.

ಸಂಕದ ಮೇಲೆ ಒಂದು ಹಾಸಿಗೆ ಬರುತ್ತಿತ್ತು. ಅದರ ಅಡಿಯಲ್ಲಿ ನೆಬೀಸ ಇದ್ದಳು.

ತಾಯಿಯ ಹಿಂದೆಯೇ ಬಂದು ಹಲಸಿನ ಮರದ ಮರೆಯಲ್ಲಿ ನಿಂತು ಅವಳು ಎಲ್ಲವನ್ನೂ ಕೇಳಿದ್ದಳು. ಗಂಡಸರು ರೂಲು ಮಾತಾಡುವಷ್ಟರಲ್ಲಿ ಮನೆಗೆ ಹೋಗಿ ವಾಪಸು ಬಂದಿದ್ದಳು. ಯಾರನ್ನೂ ನೋಡದೆ ನೇರ ಅಂಗಡಿಯ ಹಿಂದೆ ಸಾಮಾನು ತುಂಬಿಡುವ ಕೋಣೆಗೆ ಹೋದಳು. ಒಳಗಿನಿಂದ ಖಾಲಿ ಡಬ್ಬಗಳು ಹೊರಗೆ ಉರುಳಿದವು, ಮೂರ್ನಾಲ್ಕು ಗೋಣಿಗಳು ಬಂದವು, ಕಡೆಗೆ ಒಂದು ಇಲಿಯೂ ಹೊರಟುಹೋಯಿತು. ಹಾಸಿಗೆ ಬಿಡಿಸಿದ ಸದ್ದಾಯಿತು. ಆಮೇಲೆ ಬಾಗಿಲ ಮರೆಯಿಂದ, ತಲೆಯ ಮುಸುಕು ಸರಿಮಾಡಿಕೊಂಡು ಕೇಳಿದಳು:

"ಶಾನುಭೋಗರೇ, ಹೆಂಡತಿ ಈಚೆ, ಹಾಸಿಗೆ ಈಚೆ, ಚಾ ಮಾಡುವ ಪಾತ್ರೆಯೂ ಈಚೆ. ಇನ್ನು ಇವರ ಮನೆ ಯಾವ ರಾಜ್ಯ?"

ಹೆಣ್ಣು ಗಂಡನ ಕಡೆಗೆ ಬಂದು ಬಿಡಾರ ಹೂಡುವುದು ಅವರ ಪೈಕಿ ಕಂಡು ಕೇಳಿದ್ದಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಐಸಮ್ಮ ಕೊಡೆ ಕೆಳಗಿಟ್ಟು, ಮಗಳನ್ನು ಕಳಿಸಿಕೊಡುವ ತಾಯಿಯ ಹಾಗೆ ಇನ್ನೊಮ್ಮೆ ಅತ್ತಳು. ಭಟ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಹಾಸಿಗೆ ಸ್ವಲ್ಪ ಹಳತಾಗ್ಲಿ ತಂಗೀ" ಎಂದರು. "ದಸರೆಯ ಮುಂಚಿನ ವಾರ ಬರ್ತೇನೆ. ಅಷ್ಟರವರೆಗೆ ನೀನು ಇಲ್ಲೇ ಇದ್ರೆ ಮೈಸೂರು ರಾಜ್ಯ."

ಇದ್ದಳು. ಭಟ್ಟರು ಬರೆದರು, ತಹಶೀಲ್ದಾರರು ಸಹಿ ಹಾಕಿದರು, ಕಾಲೇಜು ರಜೆಗೆ ಬಾಗಿಲು ಹಾಕುವ ಮುಂಚೆ ಹೆಚ್ಚು ಕಟ್ಟಿದ್ದು ವಾಪಸು ಬಂತು. ಶುಕೂರನ ಎರಡನೆಯ ಕಂತು ಅದೇ ಕಿಟಕಿಯಲ್ಲಿ ತಿರುಗಿ ಒಳಗೆ ಹೋಯಿತು.

ಫೀಸೇನೋ ವಾಪಸು ಬಂತು. ಪುದಿಯಾಪ್ಲೆಯ ದರ್ಬಾರು ಮಾತ್ರ ಬರಲಿಲ್ಲ. ಅಂಗಡಿಯ ಹಿಂದಿನ ಸಂಸಾರದಲ್ಲಿ ಹೈದರ್ ಬಾವಿಯಿಂದ ನೀರು ಹೊತ್ತ, ಸೌದೆ ಒಡೆದ, ಮಳೆ ಸೋರುವಲ್ಲಿಗೆ ಪಾತ್ರೆ ಇಟ್ಟ. ಕೆಮ್ಮಿದರೆ ಶುಂಠಿಯ ಸದ್ದಿಲ್ಲ, "ಬೀಡಿ ಕಡಿಮೆ ಮಾಡಿ" ಎಂಬ ಸದ್ದು. ಮೀನಿನ ನಡುತುಂಡನ್ನು ನೆಬೀಸ ಸರಿಯಾಗಿ ಎರಡು ಮಾಡುತ್ತಿದ್ದಳು. ಐಸಮ್ಮ ಮಧ್ಯಾಹ್ನ ಸಂಕ ದಾಟಿ ಮುಚ್ಚಿದ ತಟ್ಟೆಯಲ್ಲಿ ಹುರಿದ ಮೊಟ್ಟೆ ತಂದಾಗಲೂ ಅಷ್ಟೆ, ಒಂದು ಅವನಿಗೆ, ಒಂದು ಅವಳಿಗೆ.

ರಜೆ ಮುಗಿದು ಮಗ ಪುತ್ತೂರಿಗೆ ಹೋದ ಮೇಲೆ ಹೈದರ್ ಒಂದು ದಿನ ಮೆಲ್ಲಗೆ ಮಾತೆತ್ತಿದ. "ನೆಬೀಸಾ, ಕೆಲಸ ಆಯ್ತಲ್ಲ. ಈ ಗೋಣಿ, ಇಲಿಗಳ ನಡುವೆ ನಿನಗೆಂತಕ್ಕೆ ಕಷ್ಟ? ನೀನು ಉಮ್ಮನಲ್ಲಿಗೆ ಹೋಗು. ನಾನು ಮೊದಲಿನ ಹಾಗೆ ರಾತ್ರಿ ಬರ್ತೇನೆ."

ನೆಬೀಸ ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತಿದ್ದವಳು ತಲೆ ಎತ್ತಿ ಅವನ ಮುಖವನ್ನೇ ನೋಡಿದಳು.

"ಇಷ್ಟು ವರ್ಷ ನಿಮ್ಮನ್ನು ಚಿಮಿಣಿ ಬೆಳಕಿನಲ್ಲಿ ಮಾತ್ರ ಕಂಡದ್ದು ನಾನು. ಬಂದ್ರಿ, ಉಂಡ್ರಿ, ಮಲಗಿದ್ರಿ, ಹೋದ್ರಿ. ಮಧ್ಯಾಹ್ನದ ಬಿಸಿಲಿಗೆ ನಿಮ್ಮ ಮುಖ ಹೇಗೆ ಇರ್ತದೆ ಅಂತ ನನಗೆ ಗೊತ್ತಾದ್ದು ಈಗ. ಹಣೆಯಲ್ಲಿ ಒಂದು ಮಚ್ಚೆ ಉಂಟು ನಿಮಗೆ. ಅದು ಇರುದೇ ಗೊತ್ತಿರ್ಲಿಲ್ಲ ನನಗೆ."

ಹೇಳಿ ಮತ್ತೆ ಅಕ್ಕಿಗೆ ಬಗ್ಗಿದಳು. ಹೈದರ್ ಹಣೆ ಮುಟ್ಟಿ ನೋಡಿಕೊಂಡ. ಆಮೇಲೆ ಯಾರೂ ಹೇಳದೆಯೇ ಕೊಡ ಎತ್ತಿಕೊಂಡು ನೀರಿಗೆ ಹೋದ.