ಹೊಸ ಯಂತ್ರದ ಎಡ ಲಿವರ್

ಮಣ್ಣು ತೋಡುವ ಯಂತ್ರದ ಮೇಲೆ ಹತ್ತೊಂಬತ್ತು ವರ್ಷ ಕೂತವನು ನಾನು. ಹುಟ್ಟಾ ಎಡಚ. ಹಳೆಯ ಯಂತ್ರದಲ್ಲಿ ಎಡ ಲಿವರ್ ಹಿಂದಕ್ಕೆಳೆದರೆ ಬಕೆಟ್ಟು ಮೇಲೇಳುತ್ತಿತ್ತು. ಕಳೆದ ವಾರ ಬಂದ ಹೊಸದರಲ್ಲಿ ಆ ಕೆಲಸ ಬಲಗೈಯದು. ಎಡ ಲಿವರ್ ಎಳೆದರೆ ಬಕೆಟ್ಟು ಏಳುವುದಿಲ್ಲ, ಇದ್ದ ಎತ್ತರದಲ್ಲೇ ನನ್ನ ಕಡೆಗೆ ಬರುತ್ತದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಲಕ್ವ ಹೊಡೆದವರಿಗೆ ಕೈ ಆಡಿಸಲು ಕಲಿಸುತ್ತಾಳೆ.

"ಎಡಗೈ ನಡೆಸೋದು ಮೆದುಳಿನ ಬಲಭಾಗ ಕಣ್ರೀ. ಅದು ಇಷ್ಟು ವರ್ಷ ಕಲಿತಿದ್ದನ್ನ ಇನ್ನೊಂದು ಭಾಗ ಎಂಟು ದಿನದಲ್ಲಿ ಕಲಿಯುತ್ತಾ? ಗಾಬರಿಯಾದ್ರೆ ಹಳೇದೇ ಮುಂದೆ ನುಗ್ಗುತ್ತೆ. ಕಾಲುವೆ ಒಳಗೆ ಇರೋನು ನನ್ನ ತಮ್ಮ, ನೆನಪಿರಲಿ."

"ನನಗೇನು ಲಕ್ವ ಹೊಡೆದಿದೆಯಾ? ರೋಗಿಗಳ ಪಾಠ ನನಗೆ ಬೇಡ," ಎಂದು ರೇಗಿದೆ. ರೇಗಿದ್ದು ಹೆದರಿಕೆಗೆ. ಆ ವಾರದಲ್ಲಿ ಮೂರು ಸಲ ಎಡಗೈ ತಪ್ಪಿತ್ತು. ಯಾರಿಗೂ ಹೇಳಿರಲಿಲ್ಲ.

ಇವತ್ತು ಬಾಮೈದ ಪೈಪ್ ಹೂಳಲು ತೋಡಿದ್ದ ಒಂದಾಳು ಆಳದ ಕಾಲುವೆಗೆ ಇಳಿದಿದ್ದ. ಬಕೆಟ್ಟಿಗೆ ಕಟ್ಟಿದ್ದ ಪೈಪನ್ನು ನಾನು ಇಂಚಿಂಚಾಗಿ ಇಳಿಸಿದೆ. ಬೆನ್ನೆಲ್ಲ ಬೆವರು.

"ಏನ್ ಭಾವ, ಮೊಟ್ಟೆ ಬುಟ್ಟಿ ಇಳಿಸ್ತಿದ್ದೀರಾ?"

"ಬಾಯಿ ಮುಚ್ಕೊಂಡು ಹಗ್ಗ ಬಿಚ್ಚೋ."

ಬಿಚ್ಚಿದ. ಅಷ್ಟರಲ್ಲಿ ಪಕ್ಕದ ಮಣ್ಣು ಧಸಕ್ಕನೆ ಕುಸಿಯಿತು. ಅವನು ಬಕೆಟ್ಟಿಗೂ ಯಂತ್ರಕ್ಕೂ ನಡುವೆ; ಮೇಲೆ ಬರುವ ದಾರಿಗೆ ಬಕೆಟ್ಟು ಅಡ್ಡ.

"ಎತ್ತಿ ಭಾವ! ಎತ್ತಿ!"

ಯೋಚಿಸುವ ಮೊದಲೇ ಎಡಗೈ ಎಳೆದಿತ್ತು. ಬಕೆಟ್ಟಿನ ಹಲ್ಲುಗಳು ಅವನ ಮುಖದತ್ತ ಹೊರಟವು. ಸರಿಯಾದ ಲಿವರ್ ಯಾವುದು? ತಲೆ ಖಾಲಿ. ಕಿರುಚಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡೆ. ಶುದ್ಧ ಪುಕ್ಕಲುತನ. ಕೈ ಬಿಟ್ಟಿದ್ದಕ್ಕೆ ಲಿವರ್ ತಾನಾಗಿ ನಡುವಿಗೆ ಬಂತು, ಬಕೆಟ್ಟು ನಿಂತಿತು.

ಕಣ್ಣು ಬಿಡಲು ಧೈರ್ಯವಾಗಲಿಲ್ಲ. ಹೆಂಡತಿಗೆ ಏನು ಹೇಳಲಿ?

"ಸತ್ತಿಲ್ಲ ಭಾವ, ನೋಡಿ ಈ ಕಡೆ!"

ಅವನ ಮೊಣಕಾಲಿನವರೆಗೆ ಮಣ್ಣು. ಬಕೆಟ್ಟಿನ ಹಲ್ಲಿಗೂ ಅವನ ಹೆಲ್ಮೆಟ್ಟಿಗೂ ನಡುವೆ ಒಂದು ಗೇಣು. ಅವನು ಕಾಲು ಕಿತ್ತುಕೊಂಡು, ಬಗ್ಗಿ ನುಸುಳಿ ಮೇಲೆ ಬಂದ. ನಾನು ಇಂಜಿನ್ ಆರಿಸಿ ಇಳಿದೆ.

"ಸರಿಯಾದ ಟೈಮಿಗೆ ನಿಲ್ಸಿದ್ರಿ! ಅಕ್ಕನಿಗೆ ಹೇಳ್ತೀನಿ, ನಿನ್ನ ಗಂಡ ಭಾರಿ ಗಟ್ಟಿಗ ಅಂತ. ಮಣ್ಣು ತೆಗೆದು ಶುರು ಮಾಡೋಣ್ವಾ?"

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅವನು ಮತ್ತೆ ಕಾಲುವೆಗೆ ಇಳಿಯುವವನು.

"ನಾನು ಇದರ ಮೇಲಿದ್ದಾಗ ನೀನು ಕೆಳಗೆ ಇಳೀಬೇಡ."

"ಯಾಕೆ? ಮಣ್ಣು ಕುಸಿದಿದ್ದು ನಿಮ್ಮ ತಪ್ಪಾ?"

"ಬಕೆಟ್ ನಿಲ್ಸಿದ್ದು ನಾನಲ್ಲ ಕಣೋ. ನಿನ್ನ ಮುಖಕ್ಕೆ ತಂದಿದ್ದು ನಾನು."

ಅವನು ಹೆಲ್ಮೆಟ್ ತೆಗೆದ. ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದ.