ಸೂಜಿಗೊಂದು ಪೆಟ್ಟಿಗೆ ಕೇಳಿದವರು

ಆಸ್ಪತ್ರೆಯ ಮಂಚದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿರುತ್ತದೆ. ಅದು ಎಲ್ಲಿಂದ ಬಂತೆಂದು ಮಲಗಿದವರು ಕೇಳುವುದಿಲ್ಲ. ನೋವಿನಲ್ಲಿ ಇರುವವರಿಗೆ ಆ ಗೊಡವೆ ಯಾಕೆ? ಅದು ಬರುವುದು ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆಯೊಂದರಿಂದ. ಅಲ್ಲಿ ಇಪ್ಪತ್ತನಾಲ್ಕು ಜನ ಎರಡು ಪಾಳಿಯಲ್ಲಿ ಬಟ್ಟೆ ಒಗೆಯುತ್ತಾರೆ. ವಾರ್ಡುಗಳಿಂದ ಬಂದ ಗಂಟನ್ನು ಮೊದಲು ಮೇಜಿನ ಮೇಲೆ ಬಿಚ್ಚಬೇಕು. ರಕ್ತವಾದದ್ದು ಒಂದು ಕಡೆ, ಬರೀ ಕೊಳೆಯಾದದ್ದು ಇನ್ನೊಂದು ಕಡೆ. ಆಮೇಲೆ ಯಂತ್ರ, ಆಮೇಲೆ ಒಣಗಿಸುವುದು, ಕೊನೆಗೆ ಇಸ್ತ್ರಿ.

ಇಸ್ತ್ರಿ ಮೇಜಿನ ಮುಂದೆ ಹನ್ನೊಂದು ವರ್ಷದಿಂದ ನಿಂತಿದ್ದವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಗಂಟು ಬಿಚ್ಚುವ ಮೇಜಿನಲ್ಲಿ ಇದ್ದವಳು ಅವಳ ಸ್ವಂತ ತಂಗಿ. "ನೆರಳಿನ ಕೆಲಸ, ಬಾರೇ" ಎಂದು ಕರೆತಂದು ಸೇರಿಸಿದವಳೂ ಅಕ್ಕನೇ.

ಆ ಗಂಟುಗಳಲ್ಲಿ ಸೂಜಿ ಇರುತ್ತಿತ್ತು. ರೋಗಿಗೆ ಇಂಜೆಕ್ಷನ್ ಕೊಟ್ಟ ಸೂಜಿ, ರಕ್ತ ತೆಗೆದ ಸೂಜಿ. ಬೆಡ್‌ಶೀಟಿನ ಮಡಿಕೆಯೊಳಗೆ ಕಣ್ಣಿಗೆ ಕಾಣದಂತೆ ಕೂತಿರುತ್ತಿತ್ತು. ಕೈಗೆ ಕೊಟ್ಟಿದ್ದ ಗ್ಲೌಸ್ ಬಲೂನಿನಷ್ಟು ತೆಳು.

ಒಂದು ಬೆಳಿಗ್ಗೆ ತಂಗಿಯ ಹೆಬ್ಬೆರಳಿಗೆ ಸೂಜಿ ಇಳಿಯಿತು. ರಕ್ತ ಒರೆಸಿಕೊಂಡು ಉಸ್ತುವಾರಿಯವನಿಗೆ ತೋರಿಸಿದಳು.

"ಇಷ್ಟಕ್ಕೆಲ್ಲ ರಜೆನಾ? ಮನೇಲಿ ಗುಂಡಿ ಹೊಲಿಯೋವಾಗ ಚುಚ್ಕೊಂಡಿಲ್ವಾ ನೀನು?" ಎಂದು ಅವನು ನಕ್ಕ. ಎಲ್ಲೂ ಬರೆದುಕೊಳ್ಳಲಿಲ್ಲ. ಕೈಯನ್ನು ತಕ್ಷಣ ಸೋಪು ನೀರಿನಲ್ಲಿ ತೊಳೆಯಬೇಕು, ಅವತ್ತೇ ರಕ್ತ ಪರೀಕ್ಷೆ ಆಗಬೇಕು, ಸೋಂಕು ತಡೆಯುವ ಔಷಧಿ ಬೇಗ ಶುರುವಾಗಬೇಕು ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಾತ್ರ ಅದನ್ನು ಬಲ್ಲ ವೈದ್ಯರು ನಲವತ್ತು ಮಂದಿ ಇದ್ದರು.

ಮೂರು ತಿಂಗಳಿಗೆ ತಂಗಿಯ ಕಣ್ಣು ಹಳದಿಯಾಯಿತು. ಆರು ತಿಂಗಳಾದರೂ ಲಿವರಿಗೆ ಹತ್ತಿದ ಸೋಂಕು ಬಿಡಲಿಲ್ಲ. ಅವಳನ್ನು ಕರೆದುಕೊಂಡು ಇಸ್ತ್ರಿಯಕ್ಕ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಇಲ್ಲಿ ಕೆಲಸ ಮಾಡುವಾಗ ಬಂದ ಕಾಯಿಲೆ, ಇಲ್ಲೇ ಚಿಕಿತ್ಸೆ ಕೊಡಿ ಎಂದು ಕೇಳಿದಳು. ಅವರು ಕನ್ನಡಕ ಒರೆಸುತ್ತ, "ಇಲ್ಲೇ ಚುಚ್ಚಿತು ಅನ್ನೋದಕ್ಕೆ ದಾಖಲೆ ಎಲ್ಲಿದೆಯಮ್ಮ?" ಎಂದರು.

ದಾಖಲೆ ಬರೆಯದವರೇ ದಾಖಲೆ ಕೇಳಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ಒಗೆಯುವವರೆಲ್ಲ ಮರುದಿನವೇ ಕೆಲಸ ನಿಲ್ಲಿಸಿದರು. ಅವರಿಗೆ ಗೊತ್ತಿದ್ದ ಶಕ್ತಿ ಅದೊಂದೇ, ಬಟ್ಟೆ ಒಗೆಯದೇ ಇರುವುದು. ಕೊಳೆ ಗಂಟುಗಳನ್ನು ಹೊತ್ತು ತಂದು ಗೇಟಿನ ಮುಂದೆ ಸುರಿದರು. ಸೂಜಿ ಬಿಡುವವರು ಅವರೇ ಎಂದುಕೊಂಡು, "ಕುರುಡು ನರ್ಸುಗಳಿಗೆ ಧಿಕ್ಕಾರ" ಎಂದು ಗಂಟಲು ಹರಿಯುವಂತೆ ಕೂಗಿದರು.

ಮಧ್ಯಾಹ್ನದ ಹೊತ್ತಿಗೆ ವಾರ್ಡುಗಳಲ್ಲಿ ಒಗೆದ ಬಟ್ಟೆ ಮುಗಿಯಿತು. ಆಪರೇಷನ್ ಆದ ಮುದುಕಿಯೊಬ್ಬಳನ್ನು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿಸಿದರು. ಆಕೆಯ ಮಗ ಗೇಟಿಗೆ ಓಡಿಬಂದ. ಎದುರಿಗೆ ಸಿಕ್ಕಿದವಳು ಇಸ್ತ್ರಿಯಕ್ಕ.

"ನಿಮ್ಮ ಜಗಳಕ್ಕೆ ನಮ್ಮಮ್ಮನೇ ಬೇಕಾಗಿತ್ತಾ? ಬೆನ್ನಿನ ಚರ್ಮ ಅಂಟ್ಕೊಂಡಿದೆ, ಬಂದು ನೋಡ್ತೀರಾ?"

ಆ ಸಂಜೆಯೇ ಒಗೆಯುವವರು ಕೆಲಸಕ್ಕೆ ಮರಳಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಆ ಮುದುಕಿಯ ಚಿತ್ರ ಬಂತು. ಗೇಟಿನ ಮುಂದೆ ಬಿದ್ದಿದ್ದ ರಕ್ತದ ಬಟ್ಟೆಯ ಚಿತ್ರವೂ ಬಂತು. ಸೂಜಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಅವರ ಸಮವಸ್ತ್ರ ಕಂಡರೆ ಜನ ಪಕ್ಕಕ್ಕೆ ಸರಿದು ನಿಲ್ಲತೊಡಗಿದರು.

ಆ ಭಾನುವಾರ ಇಸ್ತ್ರಿಯಕ್ಕ ತಂಗಿಯ ಮನೆಯಲ್ಲಿದ್ದಳು. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಗಂಡ ವೆಲ್ಡಿಂಗ್ ಅಂಗಡಿಯವನು, ಮಾತಿನಲ್ಲೂ ಕಿಡಿ ಹಾರಿಸುವವನು.

"ಅಕ್ಕಾ, ನೀವು ಮೆತ್ತಗಿದ್ರಿ, ಅದಕ್ಕೇ ಹೀಗಾಯ್ತು. ನಾನು ಹತ್ತು ಹುಡುಗರನ್ನ ಕರ್ಕೊಂಡು ಬರ್ತೀನಿ. ಆ ಸೂಪರಿಂಟೆಂಡೆಂಟ್ ಕೋಣೆ ಗಾಜು ಪುಡಿ ಆಗ್ಲಿ, ಆಮೇಲೆ ನೋಡಿ."

"ನಾಳೆ ಗಾಜಿನ ಫೋಟೋ ಬರುತ್ತೆ ಪೇಪರಲ್ಲಿ," ಎಂದಿತು ಬಾಗಿಲ ಕಡೆಯಿಂದ ಒಂದು ಗಡಸು ದನಿ. "ಮೊನ್ನೆ ಮುದುಕಿ, ನಾಳೆ ಗಾಜು. ಸೂಜಿ ಪಾಳಿ ಯಾವಾಗಪ್ಪ?"

ಮೇಲಿನ ಮನೆಯ ಕಂಡಕ್ಟರಮ್ಮ. ಇಪ್ಪತ್ತೇಳು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಿಯಾದವರು. ಬಸ್ಸು ಬಿಟ್ಟರೂ ದನಿ ಮಾತ್ರ ಇನ್ನೂ ಹಿಂದಿನ ಸೀಟಿಗೆ ಕೇಳುವಷ್ಟೇ ಇತ್ತು. ಹೇಳದೆ ಕೇಳದೆ ಒಳಗೆ ಬಂದು ಕೂತರು.

"ಬಸ್ಸಲ್ಲಿ ಇಬ್ರು ಜಗಳಕ್ಕೆ ಬೀಳ್ತಾರೆ ಅಂದ್ಕೊಳ್ಳಿ. ಉಳಿದ ಅರವತ್ತು ಜನ ಏನು ಕೇಳ್ತಾರೆ ಗೊತ್ತಾ? ಯಾರದು ನ್ಯಾಯ ಅಂತ ಯಾವನೂ ಕೇಳಲ್ಲ. ಯಾರಿಂದ ಬಸ್ ನಿಂತಿತು ಅಂತ ಕೇಳ್ತಾರೆ. ನೀವು ಬಸ್ ನಿಲ್ಲಿಸಿದ್ರಿ. ಅಷ್ಟೇ."

ಇಸ್ತ್ರಿಯಕ್ಕನಿಗೆ ರೇಗಿತು. "ಹಾಗಾದ್ರೆ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೋಬೇಕಾ ಅಮ್ಮಾ? ಚುಚ್ಚಿಸ್ಕೊಂಡೋರು ನಾವು. ಮರ್ಯಾದೆ ಕಲೀಬೇಕಾದೋರೂ ನಾವೇನಾ?"

"ಹೌದು, ಅನ್ಯಾಯವೇ," ಎಂದರು ಕಂಡಕ್ಟರಮ್ಮ. "ಅದು ಸರಿ ಅಂತ ನಾನೆಲ್ಲಿ ಹೇಳ್ದೆ? ಮರ್ಯಾದೆಯಿಂದ ನಿಂತ್ರೆ ಕೆಲಸ ಆಗುತ್ತೆ ಅಂತ ಹೇಳ್ತಿದ್ದೀನಿ. ಅವರ ಹತ್ರ ಗೇಟಿದೆ, ಕಾವಲಿದೆ, ವಕೀಲರಿದ್ದಾರೆ. ನಿಮ್ಮ ಹತ್ರ ಇರೋದು ರಸ್ತೆಲಿ ಓಡಾಡೋ ಜನ ಮಾತ್ರ. ಅವರನ್ನೂ ಕಳ್ಕೊಂಡ್ರೆ?"

ವೆಲ್ಡರ್ ಗೊಣಗಿದ. "ಸುಮ್ನೆ ನಿಂತ್ರೆ ಯಾವನು ಹೆದರ್ತಾನೆ?"

"ಹೆದರೋದು ಬೇಡಪ್ಪ. ಕೇಳಿಸ್ಕೊಳ್ಳಲಿ. ಅದು ಬಿಡು, ನನಗೊಂದು ಹೇಳಿ. ಆ ಸೂಜಿ ಬೆಡ್‌ಶೀಟಿಗೆ ಯಾಕೆ ಬರುತ್ತೆ?"

"ನರ್ಸುಗಳ ಕೊಬ್ಬು," ಎಂದಳು ಇಸ್ತ್ರಿಯಕ್ಕ ಥಟ್ಟನೆ.

"ಹೋಗಿ ನೋಡಿದ್ದೀಯಾ?"

ನೋಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಗೆದ ಬಟ್ಟೆ ವಾರ್ಡಿನ ಬಾಗಿಲಿಗೆ ಮುಟ್ಟಿಸಿ ಹಿಂದಿರುಗಿದ್ದಳೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಮರುದಿನ ಬಟ್ಟೆಯ ಗಾಡಿಯನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು. ನಲವತ್ತು ಮಂಚ, ಇಬ್ಬರು ನರ್ಸು. ಬಳಸಿದ ಸೂಜಿ ಹಾಕಲು ಮೂಲೆಯಲ್ಲಿ ಒಂದೇ ಪೆಟ್ಟಿಗೆ. ಅದಕ್ಕೆ ಮುಚ್ಚಳವಿಲ್ಲ, ಕಂಠಮಟ್ಟ ತುಂಬಿ ಸೂಜಿಗಳು ಮುಳ್ಳಿನಂತೆ ಹೊರಗೆ ಚಾಚಿದ್ದವು. ಈ ತುದಿಯ ರೋಗಿಗೆ ಇಂಜೆಕ್ಷನ್ ಕೊಟ್ಟು ಆ ತುದಿಗೆ ಸೂಜಿ ಇಡಲು ಹೋಗುವಷ್ಟರಲ್ಲಿ ಇನ್ನೊಬ್ಬ ರೋಗಿ ಕೂಗುತ್ತಿದ್ದ. ಸೂಜಿ ಮಂಚದ ಮೇಲೇ ಉಳಿಯುತ್ತಿತ್ತು.

ಹಿರಿಯ ನರ್ಸ್ ಅವಳನ್ನು ಗುರುತು ಹಿಡಿದರು. "ಧಿಕ್ಕಾರ ಸಾಲಲಿಲ್ವಾ? ಇಲ್ಲೇ ಬಂದು ಕೂಗ್ಬೇಕಾ?"

"ತಪ್ಪಾಯ್ತು ಸಿಸ್ಟರ್," ಎಂದಳು ಇಸ್ತ್ರಿಯಕ್ಕ. ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

"ನನಗೂ ಎರಡು ಸಲ ಚುಚ್ಚಿದೆ," ಎಂದರು ನರ್ಸ್. "ಪೆಟ್ಟಿಗೆ ಬೇಕು ಅಂತ ಬರೆದು ಬರೆದು ಸಾಕಾಗಿದೆ. ಈಗ ಹೋಗಿ, ನನಗೆ ಕೆಲಸ ಇದೆ."

ಅಲ್ಲಿಂದ ಒಂದು ತಿಂಗಳು ತಯಾರಿ ನಡೆಯಿತು. ಸಿಕ್ಕಿದ ಪ್ರತಿ ಸೂಜಿಯನ್ನೂ ಇಕ್ಕಳದಿಂದ ಎತ್ತಿ, ಒಳಗಿನದು ಹೊರಗೆ ಕಾಣುವ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದರು. ಯಾವ ದಿನ, ಯಾವ ವಾರ್ಡಿನ ಗಂಟು, ಬಿಚ್ಚಿದವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿದರು. ತಿಂಗಳಿಗೆ ನಲವತ್ತಮೂರು ಸೂಜಿ. ಮುಚ್ಚಳ ಬಿಗಿದು ಟೇಪು ಸುತ್ತಿದರು.

ಎಲ್ಲಿ, ಎಷ್ಟು ಹೊತ್ತು, ಎಷ್ಟು ಜನ ನಿಲ್ಲುತ್ತೇವೆ ಎಂದು ಪೊಲೀಸ್ ಠಾಣೆಗೆ ಮೊದಲೇ ಬರೆದುಕೊಟ್ಟು ಅನುಮತಿ ಪಡೆದರು. ಕೆಲಸ ಒಂದು ಗಳಿಗೆಯೂ ನಿಲ್ಲಬಾರದು, ಪಾಳಿ ಮುಗಿಸಿದವರು ಮಾತ್ರ ಬರಬೇಕು ಎಂದು ತೀರ್ಮಾನವಾಯಿತು. ನರ್ಸುಗಳ ಮೇಲಿನ ಧಿಕ್ಕಾರ ಕೈಬಿಟ್ಟರು. ಕೆಲವರು ಸಂಬಳ, ರಜೆ, ಕ್ಯಾಂಟೀನು ಎಲ್ಲ ಸೇರಿಸೋಣ ಎಂದರು. ಕಂಡಕ್ಟರಮ್ಮ ಕೈ ಅಡ್ಡ ಹಿಡಿದರು. "ಬಸ್ಸಿನ ಬೋರ್ಡಲ್ಲಿ ಒಂದೇ ಊರು ಇರ್ಬೇಕು. ಓಡ್ತಿರೋ ಬಸ್ ನೋಡಿ ಜನ ಎಷ್ಟು ಓದ್ತಾರೆ?" ಕೊನೆಗೆ ಒಗೆದು ಇಸ್ತ್ರಿ ಮಾಡಿದ ಹಳೆಯ ಬೆಡ್‌ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಈ ಸೂಜಿಗಳು ನೀವು ಮಲಗುವ ಹಾಸಿಗೆಯಿಂದ ಬಂದವು. ಸೂಜಿಗೊಂದು ಪೆಟ್ಟಿಗೆ ಕೊಡಿ.

ಒಂದು ನಿಯಮವನ್ನು ಮಾತ್ರ ಕಂಡಕ್ಟರಮ್ಮ ಎಲ್ಲರ ಬಾಯಲ್ಲೂ ಹೇಳಿಸಿದರು. "ಯಾರಾದ್ರೂ ಬಂದು ಕೆಣಕ್ತಾರೆ. ಕೆಣಕೇ ಕೆಣಕ್ತಾರೆ. ಸಿಟ್ಟು ನೆತ್ತಿಗೇರಿದವರು ಹಿಂದೆ ಹೋಗಿ ಕೂತ್ಕೊಳ್ಳಿ. ಪಕ್ಕದವರು ಆ ಜಾಗಕ್ಕೆ ಸರೀಲಿ. ಅದು ಸೋಲಲ್ಲ."

"ಹೇಡಿಗಳ ಪಾಠ," ಎಂದ ವೆಲ್ಡರ್. ಆದರೂ ಬಂದ, ಹೆಂಡತಿಗೆ ಕೂರಲು ಒಂದು ಕುರ್ಚಿ ಹೊತ್ತುಕೊಂಡು.

ಅವರು ಆಸ್ಪತ್ರೆಯ ಗೇಟಿನೆದುರು ರಸ್ತೆಯ ಆಚೆ ಬದಿಯಲ್ಲಿ ಮಾತ್ರ, ಫುಟ್‌ಪಾತಿನ ಅಂಚಿಗೆ ಸಾಲಾಗಿ ನಿಂತರು. ಆಂಬುಲೆನ್ಸಿನ ದಾರಿ ಪೂರ್ತಿ ಬಿಟ್ಟರು. ಔಷಧಿ ಅಂಗಡಿಯ ಬಾಗಿಲು, ಬಸ್ ನಿಲ್ದಾಣ ಎರಡರ ಮುಂದೆಯೂ ಜಾಗ ಬಿಟ್ಟರು. ಸಾಲು ರಸ್ತೆಗೆ ಚಾಚದಂತೆ ನೋಡಿಕೊಳ್ಳಲು ಎರಡು ತುದಿಗೂ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಇಬ್ಬಿಬ್ಬರು. ಕೇಳಿದವರಿಗೆ ಉತ್ತರ ಕೊಡುವವಳು ಒಬ್ಬಳೇ, ಡಬ್ಬ ಹಿಡಿದ ಇಸ್ತ್ರಿಯಕ್ಕ. ಒಂದು ಗಂಟೆ ನಿಂತು, ನೀರಿನ ಬಾಟಲು, ಕಾಗದದ ಚೂರು ಎಲ್ಲ ಹೆಕ್ಕಿಕೊಂಡು ಹೊರಟರು.

ಮೊದಲ ದಿನ ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ದಿನ ಒಬ್ಬ ಸ್ಕೂಟರ್ ನಿಲ್ಲಿಸಿ, "ಮತ್ತೆ ಶುರುವಾಯ್ತಾ ನಿಮ್ಮ ನಾಟಕ?" ಎಂದು ಉಗಿದು ಹೋದ. ಮೂರನೆಯ ದಿನ ಒಬ್ಬಳು ಹೆಂಗಸು ಡಬ್ಬದ ಹತ್ತಿರ ಬಗ್ಗಿ, "ನಮ್ಮತ್ತೆ ಆರನೇ ವಾರ್ಡಲ್ಲಿದ್ದಾರೆ. ಇದ್ರಲ್ಲಿ ಆರನೇ ವಾರ್ಡಿಂದು ಇದೆಯಾ?" ಎಂದಳು. ಇಸ್ತ್ರಿಯಕ್ಕ ಪುಸ್ತಕ ತೆರೆದು ತೋರಿಸಿದಳು. ಏಳು ಇದ್ದವು. ಆ ಹೆಂಗಸು ಗೇಟಿನ ಕಡೆ ಓಡಿದಳು.

ಐದನೆಯ ದಿನ ಸೂಪರಿಂಟೆಂಡೆಂಟರೇ ಹೊರಗೆ ಬಂದರು. ಬಸ್ಸಿಗೆ ಕಾಯುವವರು, ರೋಗಿಗಳ ಕಡೆಯವರು ಸೇರಿ ನೂರು ಜನರಾದರೂ ಇದ್ದರು.

"ಈ ಸೂಜಿಗಳನ್ನ ನೀವೇ ಕದ್ದು ತುಂಬಿಸಿಲ್ಲ ಅಂತ ಏನು ಗ್ಯಾರಂಟಿ?" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತಿದ್ದವಳ ಕಡೆ ಬೆರಳು ತೋರಿಸಿದರು. "ಇವಳು ಈ ಕಾಯಿಲೆ ಎಲ್ಲೆಲ್ಲಿ ಹೋಗಿ ಅಂಟಿಸ್ಕೊಂಡಳೋ, ಯಾರಿಗೆ ಗೊತ್ತು?"

ತಂಗಿ ತಲೆ ತಗ್ಗಿಸಿದಳು. ಅವಳ ಕಿವಿಯವರೆಗೂ ಹಳದಿಯ ಮೇಲೆ ಕೆಂಪು ಏರುವುದು ಇಸ್ತ್ರಿಯಕ್ಕನಿಗೆ ಕಂಡಿತು. ಡಬ್ಬ ಹಿಡಿದ ಕೈ ತಾನಾಗಿ ಮೇಲೆದ್ದಿತು. ಆ ಮುಖ ನಾಲ್ಕು ಅಡಿ ದೂರದಲ್ಲಿತ್ತು. ಗುರಿ ತಪ್ಪುವ ಮಾತೇ ಇರಲಿಲ್ಲ. ಹಲ್ಲು ಕಚ್ಚಿದಳು, ಕೈ ಇಳಿಸಿದಳು, ಡಬ್ಬವನ್ನು ಪಕ್ಕದವಳಿಗೆ ಕೊಟ್ಟು ಸಾಲಿನ ಹಿಂದೆ ಹೋಗಿ ನೆಲದ ಮೇಲೆ ಕೂತಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ದೊಪ್ಪನೆ ಕೂತರು. ವೆಲ್ಡರ್.

ಯಾರೂ ಒಂದು ಮಾತೂ ಆಡಲಿಲ್ಲ. ಗಲಾಟೆ ಎದ್ದಿದ್ದರೆ ಸೂಪರಿಂಟೆಂಡೆಂಟರ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. ಈಗ ಅದು ನಡುರಸ್ತೆಯಲ್ಲಿ ಒಂಟಿಯಾಗಿ ನಿಂತಿತು, ಎಲ್ಲರಿಗೂ ಕೇಳುವಂತೆ.

ಬಸ್ ನಿಲ್ದಾಣದಿಂದ ಊಟದ ಡಬ್ಬಿ ಹಿಡಿದ ಒಬ್ಬ ಮನುಷ್ಯ ಕೇಳಿದ. "ಸಾರ್, ಹೆಣ್ಣುಮಗಳ ವಿಷಯ ಬಿಡಿ. ವಾರ್ಡಲ್ಲಿ ಬೇಕಾದಷ್ಟು ಪೆಟ್ಟಿಗೆ ಇದೆಯಾ, ಇಲ್ವಾ?"

"ಇಲ್ಲ," ಎಂದಿತು ಗೇಟಿನ ಕಡೆಯ ದನಿ. ಹಿರಿಯ ನರ್ಸ್. ಪಾಳಿ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ರಸ್ತೆ ದಾಟಿ ಬಂದು, ಇಸ್ತ್ರಿಯಕ್ಕ ಬಿಟ್ಟ ಜಾಗದ ಪಕ್ಕದಲ್ಲಿ ನಿಂತರು. "ನಲವತ್ತು ಮಂಚಕ್ಕೆ ಒಂದು. ಅದಕ್ಕೂ ಮುಚ್ಚಳ ಇಲ್ಲ. ನಾನೇ ಒಂಬತ್ತು ಸಲ ಬರೆದುಕೊಟ್ಟಿದ್ದೀನಿ. ನಕಲು ನನ್ನ ಹತ್ರ ಇದೆ."

ಮರುದಿನ ಸಾಲಿನಲ್ಲಿ ಆರು ನರ್ಸುಗಳಿದ್ದರು, ಕಸ ಗುಡಿಸುವವರಿದ್ದರು, ರೋಗಿಗಳ ಮನೆಯವರಿದ್ದರು. ಪತ್ರಿಕೆಯಲ್ಲಿ ಡಬ್ಬದ ಚಿತ್ರ ಬಂತು. ಒಂಬತ್ತನೆಯ ದಿನ ಆಸ್ಪತ್ರೆ ಮಣಿಯಿತು. ಪ್ರತಿ ಐದು ಮಂಚಕ್ಕೆ ಮುಚ್ಚಳದ ಪೆಟ್ಟಿಗೆ ಬಂತು. ಗಂಟು ಬಿಚ್ಚುವವರಿಗೆ ದಪ್ಪ ಗ್ಲೌಸ್ ಬಂತು, ಎಲ್ಲರಿಗೂ ಲಿವರಿನ ಸೋಂಕು ತಡೆಯುವ ಲಸಿಕೆ ಹಾಕಿಸಿದರು. ಸೂಜಿ ಚುಚ್ಚಿದರೆ ಅದೇ ಗಂಟೆಯಲ್ಲಿ ಬರೆದುಕೊಳ್ಳುವ ಪುಸ್ತಕವೂ ಬಂತು.

ತಂಗಿಗೆ ಒಂದು ಪತ್ರ ಬಂತು. ಕಾಯಿಲೆ ಇಲ್ಲಿಂದಲೇ ಬಂತೆಂದು ಒಪ್ಪಲಾಗದು. ಮಾನವೀಯತೆಯ ದೃಷ್ಟಿಯಿಂದ ಚಿಕಿತ್ಸೆ ಕೊಡಲಾಗುವುದು.

"ದಯೆಯಂತೆ," ಎಂದು ತಂಗಿ ಪತ್ರವನ್ನು ಅಕ್ಕನ ಮಡಿಲಿಗೆ ಎಸೆದಳು. "ನನ್ನ ಲಿವರ್ ತಿಂದು ಈಗ ದಯೆ ತೋರಿಸ್ತಾರಂತೆ. ಹೋಗಲ್ಲ ನಾನು."

"ಹೋಗು," ಎಂದ ಅವಳ ಗಂಡ. ಅವನ ದನಿಯಲ್ಲಿ ಕಿಡಿ ಇರಲಿಲ್ಲ. "ಗಾಜು ಒಡೆದಿದ್ರೆ ಈ ಕಾಗದಾನೂ ಬರ್ತಿರಲಿಲ್ಲ ಕಣೇ. ನಾನು ಜೈಲಲ್ಲಿ ಇರ್ತಿದ್ದೆ, ನೀನು ಇಲ್ಲೇ ಗೋಡೆಗೆ ಒರಗಿ ಇರ್ತಿದ್ದೆ. ಹೋಗು. ಬೈಕೊಂಡೇ ಹೋಗು."

ಅವಳು ಹೋದಳು. ಈಗ ತಿಂಗಳಿಗೊಮ್ಮೆ ಹೋಗುತ್ತಾಳೆ. ಪೂರ್ತಿ ವಾಸಿಯಾಗುತ್ತದೆ ಎಂದು ಯಾವ ವೈದ್ಯರೂ ಮಾತು ಕೊಟ್ಟಿಲ್ಲ. ಸೂಪರಿಂಟೆಂಡೆಂಟರು ಅದೇ ಕೋಣೆಯಲ್ಲಿದ್ದಾರೆ. ಅವರು ಕ್ಷಮೆ ಕೇಳಲಿಲ್ಲ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನೀವು ಕೆಲಸ ಮಾಡುವಲ್ಲೂ ಇಂಥದ್ದೊಂದು ಸೂಜಿ ಇರಬಹುದು. ಬೀದಿಗೆ ಇಳಿಯುವುದು ನಿಮ್ಮ ಹಕ್ಕು, ಇಳಿಯಿರಿ. ಆದರೆ ಇಳಿಯುವ ಮುನ್ನ ಸಾಕ್ಷಿ ಕೂಡಿಸಿ, ಒಂದೇ ಬೇಡಿಕೆ ಇಟ್ಟುಕೊಳ್ಳಿ, ಠಾಣೆಗೆ ತಿಳಿಸಿ. ದಾರಿಹೋಕನ ದಾರಿ ಕಟ್ಟಬೇಡಿ, ಅವನೇ ನಿಮ್ಮ ಬಲ. ನಿಮ್ಮಂತೆಯೇ ನೋಯುತ್ತಿರುವವರನ್ನು ಬೈಯಬೇಡಿ, ಅವರು ಬಂದು ನಿಲ್ಲಲು ಪಕ್ಕದಲ್ಲಿ ಜಾಗ ಬಿಡಿ. ಕೆಣಕಿದರೆ ಹಿಂದೆ ಹೋಗಿ ಕೂರಿ. ಇದು ಸುಲಭವಲ್ಲ, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಕೂರುವ ಕೆಲಸ. ಇಷ್ಟು ಮಾಡಿದರೂ ಕಳೆದುಕೊಂಡದ್ದೆಲ್ಲ ಹಿಂದಿರುಗುವುದಿಲ್ಲ. ಆದ್ದರಿಂದ ನಿಮ್ಮ ತಂಗಿಯ ಕಣ್ಣು ಹಳದಿಯಾಗುವ ತನಕ ಕಾಯಬೇಡಿ. ಮೊದಲ ಸೂಜಿ ಸಿಕ್ಕ ದಿನವೇ ಬರೆದಿಡಿ, ಅದೇ ವಾರ ತಯಾರಿ ಶುರುಮಾಡಿ, ಸಾಲಾಗಿ ನಿಲ್ಲಿ.